ಕ್ಯಾಮೆರಾ ಬ್ಯಾಟರಿ ಖರೀದಿ: ಮೂಲ ಕಂಪನಿಯದೋ, ಇತರೆ ತಯಾರಕರದೋ? – ಗ್ರಾಹಕರಿಗೆ ಮಾಹಿತಿ

ಶಿವಮೊಗ್ಗ ಮತ್ತು ಭದ್ರಾವತಿ ನಗರಗಳ ನಡುವೆ ಇರುವ ಮಾಚೇನಹಳ್ಳಿ ಹಾಗೂ ಸುತ್ತಮುತ್ತಲಿನ ಗ್ರಾಹಕರು ಕ್ಯಾಮೆರಾ ಬ್ಯಾಟರಿಗಳನ್ನು ಈ ನಗರಗಳ ಅಂಗಡಿಗಳಲ್ಲಿ ಅಥವಾ ಆನ್‌ಲೈನ್ ಮೂಲಕ ಖರೀದಿಸುತ್ತಾರೆ. ಮೂಲ ಕಂಪನಿಯ ಬ್ಯಾಟರಿಗೆ ಹೋಲಿಸಿದಲ್ಲಿ ಇತರೆ ತಯಾರಕರ ಬ್ಯಾಟರಿಯ ಬೆಲೆ ಸಾಮಾನ್ಯವಾಗಿ ಬಹಳ ಕಡಿಮೆ ಇರುವುದರಿಂದ ಯಾವುದನ್ನು ಕೊಳ್ಳಬೇಕೆಂಬ ಪ್ರಶ್ನೆ ಉದ್ಭವಿಸುತ್ತದೆ. ಮದುವೆ ಸಮಾರಂಭಗಳ ಛಾಯಾಗ್ರಹಣದಿಂದ ಜೀವನೋಪಾಯ ನಡೆಸುವವರಿಗೆ ಇದು ಕೇವಲ ಬೆಲೆಯ ಪ್ರಶ್ನೆಯಲ್ಲ. ಮುಹೂರ್ತದ ವೇಳೆಯಲ್ಲಿ ಬ್ಯಾಟರಿ ಕೈಕೊಟ್ಟಲ್ಲಿ ಆ ದೃಶ್ಯವನ್ನು ಮತ್ತೊಮ್ಮೆ ಸೆರೆಹಿಡಿಯಲು ಸಾಧ್ಯವಿಲ್ಲ. ಈ ಹಿನ್ನೆಲೆಯಲ್ಲಿ ಖರೀದಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳನ್ನೂ, ದೋಷ ಕಂಡುಬಂದಲ್ಲಿ ದೂರು ಸಲ್ಲಿಸುವ ವಿಧಾನವನ್ನೂ ಇಲ್ಲಿ ವಿವರಿಸಲಾಗಿದೆ.

1. ಮಾರುಕಟ್ಟೆಯಲ್ಲಿರುವ ಮೂರು ವಿಧಗಳು

ಅ) ಮೂಲ ಬ್ಯಾಟರಿ: ಕ್ಯಾಮೆರಾ ತಯಾರಿಸಿದ ಕಂಪನಿಯೇ ತನ್ನ ಹೆಸರಿನಲ್ಲಿ ಮಾರಾಟ ಮಾಡುವಂಥದ್ದು.

ಆ) ಇತರೆ ತಯಾರಕರ ಬ್ಯಾಟರಿ: ಬೇರೊಂದು ಸಂಸ್ಥೆಯು ತನ್ನ ಸ್ವಂತ ಹೆಸರಿನಲ್ಲಿ, ಇಂತಹ ಕ್ಯಾಮೆರಾಕ್ಕೆ ಹೊಂದುತ್ತದೆ ಎಂದು ತಿಳಿಸಿ ಮಾರಾಟ ಮಾಡುವಂಥದ್ದು. ಇದನ್ನು ಮಾರುವುದಾಗಲಿ, ಕೊಳ್ಳುವುದಾಗಲಿ ತಪ್ಪಲ್ಲ.

ಇ) ನಕಲಿ ಬ್ಯಾಟರಿ: ಮೂಲ ಕಂಪನಿಯ ಹೆಸರನ್ನು ಸುಳ್ಳಾಗಿ ಮುದ್ರಿಸಿ ಮಾರುವಂಥದ್ದು. ಅಸಲಿ ಎಂದು ಸುಳ್ಳು ಹೇಳಿ ಮಾರಲಾಗುವ ಸರಕು, ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ನಕಲಿ ಸರಕು ಎನಿಸಿಕೊಳ್ಳುತ್ತದೆ.

ಎರಡನೆಯ ಮತ್ತು ಮೂರನೆಯ ವಿಧಗಳನ್ನು ಒಂದೇ ಎಂದು ಭಾವಿಸುವುದು ಸರಿಯಲ್ಲ. ತನ್ನ ಹೆಸರು ಮತ್ತು ವಿಳಾಸವನ್ನು ನಮೂದಿಸಿದ ತಯಾರಕನು ದೋಷಕ್ಕೆ ಉತ್ತರದಾಯಿಯಾಗಿರುತ್ತಾನೆ. ಬೇರೆಯವರ ಹೆಸರಿನ ಮರೆಯಲ್ಲಿ ಇರುವವನನ್ನು ಹುಡುಕುವುದೇ ಕಷ್ಟ. ಆದುದರಿಂದ ಗ್ರಾಹಕರು ಮೊದಲು ನೋಡಬೇಕಾದುದು ಬ್ಯಾಟರಿಯ ಬೆಲೆಯನ್ನಲ್ಲ, ಅದರ ಹೊಣೆ ಹೊರುವವರು ಯಾರು ಎಂಬುದನ್ನು.

2. ಖರೀದಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಅ) ನೋಂದಣಿ ಗುರುತು: ಕೈಯಲ್ಲಿ ಒಯ್ಯುವ ಉಪಕರಣಗಳ ಲಿಥಿಯಂ ಬ್ಯಾಟರಿಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯವಾಗಿರುತ್ತದೆ. ಇದಕ್ಕೆ ಅನ್ವಯಿಸುವ ಮಾನಕ ಐಎಸ್ 16046. ಬ್ಯಾಟರಿಯ ಮೇಲೆ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಮೊಬೈಲ್ ಆ್ಯಪ್‌ನಲ್ಲಿ ಸದರಿ ಸಂಖ್ಯೆಯನ್ನು ನಮೂದಿಸಿ, ಅಲ್ಲಿ ಕಾಣುವ ತಯಾರಕರ ಹೆಸರು ಮತ್ತು ಬ್ರಾಂಡ್ ಬ್ಯಾಟರಿಯ ಮೇಲಿನ ವಿವರಕ್ಕೆ ತಾಳೆಯಾಗುತ್ತದೆಯೇ ಎಂದು ನೋಡಬಹುದು. ಈ ಮಾನಕವು ಸುರಕ್ಷತೆಗೆ ಸಂಬಂಧಿಸಿದ್ದಾಗಿದೆ. ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ ಎಂಬುದಕ್ಕೆ ಇದು ಖಾತರಿಯಲ್ಲ.

ಆ) ಪೊಟ್ಟಣದ ಮೇಲಿನ ವಿವರ: ತಯಾರಕರು ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ಗರಿಷ್ಠ ಮಾರಾಟ ಬೆಲೆ, ಗ್ರಾಹಕ ಸೇವಾ ಸಂಪರ್ಕ ಹಾಗೂ ಆಮದು ಸರಕಾಗಿದ್ದಲ್ಲಿ ಮೂಲ ದೇಶದ ಹೆಸರು ಇರತಕ್ಕದ್ದು.

ಇ) ಸಾಮರ್ಥ್ಯದ ಅಂಕಿಗಳು: ವೋಲ್ಟೇಜನ್ನು ಮಿಲಿಆಂಪಿಯರ್-ಅವರ್‌ನಿಂದ ಗುಣಿಸಿ 1000ದಿಂದ ಭಾಗಿಸಿದಲ್ಲಿ ವಾಟ್-ಅವರ್ ದೊರೆಯುತ್ತದೆ. ಉದಾಹರಣೆಗೆ, ಸೋನಿ ಕಂಪನಿಯ ಎನ್‌ಪಿ-ಎಫ್‌ಝಡ್100 ಬ್ಯಾಟರಿ 7.2 ವೋಲ್ಟ್, 2280 ಮಿಲಿಆಂಪಿಯರ್-ಅವರ್ ಆಗಿದ್ದು, ಲೆಕ್ಕಕ್ಕೆ ಸರಿಯಾಗಿ 16.4 ವಾಟ್-ಅವರ್ ಆಗುತ್ತದೆ. ಲೇಬಲ್ ಮೇಲಿನ ಮೂರು ಅಂಕಿಗಳು ಪರಸ್ಪರ ತಾಳೆಯಾಗದಿದ್ದಲ್ಲಿ, ಅಥವಾ ಅದೇ ಗಾತ್ರದ ಬ್ಯಾಟರಿಗೆ ಮೂಲದ್ದಕ್ಕಿಂತ ಬಹಳ ಹೆಚ್ಚಿನ ಸಾಮರ್ಥ್ಯ ನಮೂದಿಸಿದ್ದಲ್ಲಿ ಆ ಲೇಬಲ್ಲನ್ನು ನಂಬುವುದು ಸೂಕ್ತವಲ್ಲ.

ಈ) ಕ್ಯಾಮೆರಾದೊಂದಿಗೆ ಹೊಂದಾಣಿಕೆ: ಹಲವು ಬ್ಯಾಟರಿಗಳಲ್ಲಿ ಕ್ಯಾಮೆರಾಕ್ಕೆ ಮಾಹಿತಿ ನೀಡುವ ಚಿಪ್ ಇರುತ್ತದೆ. ಇದು ಸರಿಯಾಗಿ ಕೆಲಸ ಮಾಡದಿದ್ದಲ್ಲಿ ಉಳಿದಿರುವ ಚಾರ್ಜಿನ ಪ್ರಮಾಣ ತಪ್ಪಾಗಿ ಕಾಣಬಹುದು ಅಥವಾ ಕ್ಯಾಮೆರಾ ಎಚ್ಚರಿಕೆಯ ಸಂದೇಶ ತೋರಿಸಬಹುದು. ತನ್ನ ಕ್ಯಾಮೆರಾದ ಮಾದರಿಯನ್ನು ಪೊಟ್ಟಣದಲ್ಲಿ ಹೆಸರಿಸಲಾಗಿದೆಯೇ ಎಂಬುದನ್ನು ಗ್ರಾಹಕರು ಖಚಿತಪಡಿಸಿಕೊಳ್ಳಬೇಕು.

ಉ) ವಾರಂಟಿ: ಇತರೆ ತಯಾರಕರ ಬ್ಯಾಟರಿಯಿಂದ ಕ್ಯಾಮೆರಾಕ್ಕೆ ಹಾನಿಯಾದಲ್ಲಿ ಕ್ಯಾಮೆರಾ ಕಂಪನಿಯು ದುರಸ್ತಿಯ ಹೊಣೆಯನ್ನು ನಿರಾಕರಿಸುವ ಸಾಧ್ಯತೆ ಇರುತ್ತದೆ. ಆದುದರಿಂದ ವಾರಂಟಿ ಪತ್ರವನ್ನು ಮುಂಚಿತವಾಗಿ ಓದಿಕೊಳ್ಳುವುದು ಒಳಿತು.

3. ಯಾರಿಗೆ ಯಾವುದು ಸೂಕ್ತ

ಕ್ಯಾಮೆರಾದ ವಾರಂಟಿ ಅವಧಿ ಮುಗಿಯದವರಿಗೆ ಹಾಗೂ ಮರುಕಳಿಸದ ಸಂದರ್ಭಗಳನ್ನು ಚಿತ್ರೀಕರಿಸುವವರಿಗೆ ಮುಖ್ಯ ಬಳಕೆಗಾಗಿ ಮೂಲ ಬ್ಯಾಟರಿಯೇ ಸೂಕ್ತ. ಮನೆ ಬಳಕೆಗೆ, ಅಥವಾ ಸಕ್ರೆಬೈಲು ಆನೆ ಬಿಡಾರ, ಜೋಗ ಜಲಪಾತದಂತಹ ಪ್ರವಾಸಗಳಲ್ಲಿ ಹೆಚ್ಚುವರಿ ಬ್ಯಾಟರಿಯಾಗಿ, ನೋಂದಣಿ ಮತ್ತು ಬಿಲ್ಲು ಇರುವ ಇತರೆ ತಯಾರಕರ ಬ್ಯಾಟರಿ ಸಾಕಾಗಬಹುದು. ಹಳೆಯ ಕ್ಯಾಮೆರಾದ ಮೂಲ ಬ್ಯಾಟರಿಯ ತಯಾರಿಕೆ ನಿಂತಿದ್ದಲ್ಲಿ ಇದೊಂದೇ ದಾರಿಯೂ ಆಗಿರಬಹುದು. ನೋಂದಣಿ, ವಿಳಾಸ, ಬಿಲ್ಲು ಯಾವುದೂ ಇಲ್ಲದ ಬ್ಯಾಟರಿಯನ್ನು ಯಾವ ಬೆಲೆಗೂ ಖರೀದಿಸಬಾರದು.

4. ಬಳಕೆಯಲ್ಲಿ ವಹಿಸಬೇಕಾದ ಎಚ್ಚರಿಕೆ

ಹೊಸ ಬ್ಯಾಟರಿಯನ್ನು ಸಮಾರಂಭಕ್ಕೆ ಒಯ್ಯುವ ಮುನ್ನ, ಹಿಂದಿರುಗಿಸುವ ಅವಧಿಯೊಳಗೇ ಪೂರ್ಣ ಚಾರ್ಜ್ ಮಾಡಿ ಮನೆಯಲ್ಲಿ ಬಳಸಿ ಪರೀಕ್ಷಿಸಬೇಕು. ಬ್ಯಾಟರಿಯನ್ನು ಕ್ಯಾಮೆರಾದೊಳಗೆ ಬಲವಂತವಾಗಿ ತಳ್ಳಬಾರದು. ಬಿಡಿ ಬ್ಯಾಟರಿಯ ತುದಿಗಳಿಗೆ ನಾಣ್ಯ ಅಥವಾ ಬೀಗದಕೈ ತಗುಲದಂತೆ ಮುಚ್ಚಳ ಹಾಕಿ, ಮಳೆಗಾಲದಲ್ಲಿ ತೇವ ತಾಗದಂತೆ ಇಡಬೇಕು. ಉಬ್ಬಿದ ಬ್ಯಾಟರಿಯನ್ನು ಚಾರ್ಜ್ ಮಾಡುವುದಾಗಲಿ, ಚುಚ್ಚುವುದಾಗಲಿ, ಬೆಂಕಿಗೆ ಹಾಕುವುದಾಗಲಿ ಅಪಾಯಕಾರಿ. ಹಳೆಯ ಬ್ಯಾಟರಿಗಳನ್ನು, ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರಂತೆ, ಮನೆಯ ಕಸದೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಸಂಗ್ರಹಣೆಗೆ ನೀಡಬೇಕು.

2023ರಲ್ಲಿ ಉದ್ಘಾಟನೆಯಾದ ಶಿವಮೊಗ್ಗ ವಿಮಾನ ನಿಲ್ದಾಣವು ಸಮೀಪದ ಸೋಗಾನೆಯಲ್ಲಿರುತ್ತದೆ. ವಿಮಾನದಲ್ಲಿ ಪ್ರಯಾಣಿಸುವವರು ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲಿಯೇ ಒಯ್ಯಬೇಕು. ಸಾಮಾನಿನ ವಿಭಾಗಕ್ಕೆ ಒಪ್ಪಿಸುವ ಪೆಟ್ಟಿಗೆಯಲ್ಲಿ ಇಡುವಂತಿಲ್ಲ.

5. ದೋಷ ಕಂಡುಬಂದಲ್ಲಿ ಗ್ರಾಹಕರ ಹಕ್ಕುಗಳು

ಬಿಲ್ಲು ನೀಡದಿರುವುದು ಕಾನೂನಿನ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಯಾಗಿರುತ್ತದೆ. ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ಸೂಚಿಸಿದ ಅವಧಿಯೊಳಗೆ, ಅಂತಹ ಅವಧಿ ಸೂಚಿಸದಿದ್ದಲ್ಲಿ 30 ದಿನಗಳೊಳಗೆ ಹಿಂಪಡೆಯಲು ನಿರಾಕರಿಸುವುದೂ ಇದೇ ವ್ಯಾಪ್ತಿಗೆ ಬರುತ್ತದೆ. “ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ” ಎಂಬ ಫಲಕ ತೂಗುಹಾಕಿದ ಮಾತ್ರಕ್ಕೆ ದೋಷದ ಹೊಣೆ ತಪ್ಪುವುದಿಲ್ಲ.

ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಸಾಮಾನ್ಯವಾಗಿ ಗ್ರಾಹಕರ ವ್ಯಾಖ್ಯೆಗೆ ಒಳಪಡುವುದಿಲ್ಲ. ಆದರೆ ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿ ಮಾತ್ರ ಬಳಸುವವರಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ. ಹೀಗಾಗಿ ತಾನೇ ಚಿತ್ರ ತೆಗೆದು ಜೀವನ ಸಾಗಿಸುವ ಛಾಯಾಗ್ರಾಹಕರೂ ದೂರು ಸಲ್ಲಿಸಬಹುದು.

6. ದೂರು ಸಲ್ಲಿಸುವ ವಿಧಾನ

ಮೊದಲು ಮಾರಾಟಗಾರರಿಗೆ ಲಿಖಿತವಾಗಿ ತಿಳಿಸಬೇಕು. ಆನ್‌ಲೈನ್ ಖರೀದಿಯಾಗಿದ್ದಲ್ಲಿ ಸಂಸ್ಥೆಯ ಕುಂದುಕೊರತೆ ಅಧಿಕಾರಿಯು 48 ಗಂಟೆಗಳೊಳಗೆ ದೂರನ್ನು ಸ್ವೀಕರಿಸಿದ ಬಗ್ಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸತಕ್ಕದ್ದು. ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿಯೂ ಇತ್ಯರ್ಥವಾಗದಿದ್ದಲ್ಲಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ಮಾರಾಟಗಾರರು ಬೇರೆ ಊರಿನಲ್ಲಿದ್ದರೂ, ಗ್ರಾಹಕರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ, ಅಂದರೆ ಮಾಚೇನಹಳ್ಳಿಯವರು ಶಿವಮೊಗ್ಗದಲ್ಲಿಯೇ, ದೂರು ದಾಖಲಿಸಲು ಅವಕಾಶವಿರುತ್ತದೆ. ಸರಕಿಗೆ ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಗಳವರೆಗೆ ಇದ್ದಲ್ಲಿ ಶುಲ್ಕವಿರುವುದಿಲ್ಲ.

ದೂರಿನೊಂದಿಗೆ ಒದಗಿಸಬೇಕಾದವು:

1) ಬಿಲ್ಲು ಅಥವಾ ಆನ್‌ಲೈನ್ ಪಾವತಿಯ ವಿವರ
2) ಪೊಟ್ಟಣ ಮತ್ತು ಲೇಬಲ್‌ನ ಛಾಯಾಚಿತ್ರ
3) ವಾರಂಟಿ ಪತ್ರ
4) ಮಾರಾಟಗಾರರೊಂದಿಗೆ ನಡೆಸಿದ ಪತ್ರವ್ಯವಹಾರದ ಪ್ರತಿಗಳು

ಅಗತ್ಯವೆನಿಸಿದಲ್ಲಿ ಆಯೋಗವು ಸರಕನ್ನು ಪ್ರಯೋಗಾಲಯದ ಪರೀಕ್ಷೆಗೆ ಕಳುಹಿಸಬಹುದಾದುದರಿಂದ, ದೋಷಯುಕ್ತ ಬ್ಯಾಟರಿಯನ್ನು ಬಿಚ್ಚದೆ, ಹೊತ್ತಿಕೊಳ್ಳುವ ವಸ್ತುಗಳಿಂದ ದೂರವಾಗಿ ಕಾಯ್ದಿರಿಸಬೇಕು. ದೂರಿಗೆ ಕಾರಣ ಉದ್ಭವಿಸಿದ ದಿನಾಂಕದಿಂದ 2 ವರ್ಷಗಳೊಳಗೆ ದೂರು ದಾಖಲಿಸತಕ್ಕದ್ದು.