ಒಂದು ಹೊತ್ತಿಗಾದರೂ ರಾಗಿ, ಜೋಳ, ನವಣೆ

ಬೆಳಿಗ್ಗೆ ಇಡ್ಲಿ ಇಲ್ಲವೇ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮತ್ತೆ ಅನ್ನ ಮೊಸರು. ಭಾನುವಾರ ಮಕ್ಕಳ ಹಟಕ್ಕೆ ಪಾಸ್ತಾ ಅಥವಾ ನೂಡಲ್ಸ್. ಹೆಸರು ಬೇರೆ ಬೇರೆಯಾದರೂ ನಗರದ ಎಷ್ಟೋ ಮನೆಗಳಲ್ಲಿ ವಾರವಿಡೀ ತಟ್ಟೆಗೆ ಬರುವ ಪದಾರ್ಥ ಎರಡೇ: ಪಾಲಿಶ್ ಮಾಡಿದ ಅಕ್ಕಿ, ತೌಡು ತೆಗೆದ ಗೋಧಿ. ಇದಕ್ಕೆ ಬದಲಿ ಬೇಕೆಂದವರು ದುಬಾರಿ ಕ್ವಿನೋವಾ ಪೊಟ್ಟಣದತ್ತ ಕೈಚಾಚುತ್ತಾರೆ. ಅಷ್ಟು ದೂರ ಹೋಗಬೇಕಾದ್ದೇ ಇಲ್ಲ. ಕೋಲಾರ, ತುಮಕೂರಿನ ರಾಗಿ, ವಿಜಯಪುರ, ಕಲಬುರಗಿಯ ಬಿಳಿಜೋಳ, ಬಯಲುಸೀಮೆಯ ನವಣೆ, ಸಾಮೆ, ಊದಲು, ಹಾರಕ, ಬರಗು, ಕೊರಲೆ ಎಲ್ಲವೂ ನಮ್ಮ ಹೊಲಗಳಲ್ಲೇ ಇವೆ.

ಒನಕೆಯ ಜತೆ ಹೋದ ಧಾನ್ಯ

ಬಯಲುಸೀಮೆಯಲ್ಲಿ ಒಂದು ಕಾಲಕ್ಕೆ ಅಕ್ಕಿಯ ಅನ್ನವೆಂದರೆ ಹಬ್ಬದ ಊಟ, ನೆಂಟರ ಊಟ. ದಿನದ ಹೊಟ್ಟೆಪಾಡು ಮುದ್ದೆ, ರೊಟ್ಟಿ, ನುಚ್ಚಿನ ಮೇಲೆ ನಡೆಯುತ್ತಿತ್ತು. ಕೃಷ್ಣರಾಜಸಾಗರ, ತುಂಗಭದ್ರಾ ನಾಲೆಗಳ ನೀರು ಹರಿದಲ್ಲಿ ಭತ್ತದ ಗದ್ದೆಗಳು ಬಂದವು. ಪಡಿತರ ಅಂಗಡಿಯಲ್ಲಿ ಅಗ್ಗದ ಅಕ್ಕಿ ಸಿಕ್ಕಿತು. ಹಸಿವು ನೀಗಿಸಿದ ಅಕ್ಕಿಯನ್ನು ಹಳಿಯುವುದು ಸಲ್ಲ. ಆದರೆ ಸಿರಿಧಾನ್ಯ ಅಡುಗೆಮನೆಯಿಂದ ಹೊರಬೀಳಲು ಇನ್ನೊಂದು ದೊಡ್ಡ ಕಾರಣವಿತ್ತು. ಅದು ಹೆಂಗಸರ ದುಡಿಮೆ.

ರಾಗಿ, ಜೋಳಗಳನ್ನು ಒಕ್ಕಿ ಹಸನು ಮಾಡಿದರೆ ಸಾಕು, ನೇರವಾಗಿ ಗಿರಣಿಗೆ ಹಾಕಬಹುದು. ನವಣೆ, ಸಾಮೆ, ಹಾರಕಗಳು ಹಾಗಲ್ಲ. ಅವಕ್ಕೆ ಗಟ್ಟಿ ಹೊಟ್ಟಿನ ಕವಚ ಇರುತ್ತದೆ, ಕುಟ್ಟಿ, ಕೇರಿ, ಮತ್ತೆ ಕುಟ್ಟಬೇಕು. ಭತ್ತಕ್ಕೆ ಊರೂರಿಗೆ ಮಿಲ್ ಬಂತು, ನವಣೆಗೆ ಬರಲಿಲ್ಲ. ಹೆಂಗಸರು ಒನಕೆ ಕೆಳಗಿಟ್ಟದ್ದು ನ್ಯಾಯವೇ. ಅದರೊಂದಿಗೆ ಈ ಧಾನ್ಯಗಳೂ ಮೂಲೆ ಸೇರಿದವು. ಈಗ ಸಿರಿಧಾನ್ಯದ ಹೊಟ್ಟು ಬಿಡಿಸುವ ಸಣ್ಣ ಯಂತ್ರಗಳಿವೆ, ಶುಚಿ ಮಾಡಿದ ನವಣೆ ಅಕ್ಕಿ, ಸಾಮೆ ಅಕ್ಕಿ ದಿನಸಿ ಅಂಗಡಿಯಲ್ಲೇ ಸಿಗುತ್ತದೆ. ಹಳೆಯ ಕಷ್ಟ ತೀರಿದೆ, ಹಳೆಯ ಊಟ ಮರಳಲು ಅಡ್ಡಿಯಿಲ್ಲ.

ತಟ್ಟೆಯಲ್ಲಿ ಏನು ಬದಲಾಗುತ್ತದೆ?

ರಾಗಿಯ ನಿಜವಾದ ಹಿರಿಮೆ ಸುಣ್ಣದ ಅಂಶ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಅದು ಹತ್ತು ಮಿಲಿಗ್ರಾಂ ಆಸುಪಾಸು. ರಾಗಿಕಾಳು ತೀರಾ ಸಣ್ಣದು, ಸಿಪ್ಪೆಸಮೇತ ಬೀಸುವುದೇ ರೂಢಿ, ಹಾಗಾಗಿ ನಾರಿನಂಶವೂ ಹಿಟ್ಟಿನಲ್ಲೇ ಉಳಿಯುತ್ತದೆ. ಒಣಗಿಸಿದ ರಾಗಿಯನ್ನು ಹಗೇವಿನಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಬರಗಾಲದಲ್ಲಿ ಊರನ್ನು ಕಾಪಾಡುತ್ತಿದ್ದುದು ಈ ಗುಣವೇ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತದ ಎದುರು ರಾಗಿ ಗೆಲ್ಲುವುದೂ ಆರು ತಿಂಗಳ ಸೆರೆಯಲ್ಲಿ ಕೆಡದೆ ಉಳಿದದ್ದರಿಂದ.

ಹಾಗೆಂದು ಸಿರಿಧಾನ್ಯವನ್ನು ಔಷಧಿಯೆಂದು ಮಾರುವವರ ಮಾತು ನಂಬಬೇಡಿ. ರಾಗಿಯಲ್ಲೂ ಹೆಚ್ಚಿನ ಪಾಲು ಪಿಷ್ಟವೇ, ಶಕ್ತಿಯ ಲೆಕ್ಕದಲ್ಲಿ ಅದು ಅಕ್ಕಿಗೆ ಬಹಳ ಹಿಂದಿಲ್ಲ. ನುಣ್ಣಗೆ ಬೀಸಿದ ಹಿಟ್ಟಿನ ತೆಳು ಗಂಜಿ ಬೇಗ ಅರಗಿ ಸಕ್ಕರೆ ಏರಿಸಬಹುದು. ಮಧುಮೇಹ ಇರುವವರಿಗೆ ಎರಡು ದೊಡ್ಡ ಮುದ್ದೆಗಿಂತ ಒಂದು ಸಣ್ಣ ಮುದ್ದೆ, ಜತೆಗೆ ಬಸ್ಸಾರಿನ ಸೊಪ್ಪು, ಕಾಳು ಹಿತ. ವೈದ್ಯರ ಸಲಹೆ ಇರಲೇಬೇಕು. ನವಣೆ, ಸಾಮೆಯನ್ನೂ ಬೆಳ್ಳಗಾಗುವ ತನಕ ಪಾಲಿಶ್ ಮಾಡಿದರೆ ತೌಡಿನ ಸತ್ವ ಹೋಯಿತೆಂದೇ ಅರ್ಥ. ಕೊಳ್ಳುವಾಗ ಸಹಜ ಬಣ್ಣ ಉಳಿದಿರುವುದನ್ನೇ ಆರಿಸಿ.

ಕೈಗೆ ಬರಬೇಕಾದ ಅಡುಗೆ

ಹೊಸಬರನ್ನು ಹೆದರಿಸುವುದು ರುಚಿಯಲ್ಲ, ಮಾಡುವ ಬಗೆ. ಮುದ್ದೆಗೆ ನೀರು ಕುದಿಯುವಾಗ ಸ್ವಲ್ಪ ಹಿಟ್ಟನ್ನು ಕದಡಿ ಹಾಕಿ, ಮೇಲೆ ಒಣಹಿಟ್ಟು ಗುಡ್ಡೆಯಾಗಿ ಸುರಿದು, ಮುಟ್ಟದೆ ಬೇಯಲು ಬಿಡಬೇಕು. ಆತುರಪಟ್ಟು ಮೊದಲೇ ಕೈಯಾಡಿಸಿದರೆ ಗಂಟು. ಹಿಟ್ಟು ಬೆಂದ ಘಮ ಬಂದ ಮೇಲೆ ಪಾತ್ರೆ ಇಳಿಸಿ, ಕೋಲಿನಿಂದ ಒತ್ತಿ ತಿರುವಿ, ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿದರಾಯಿತು.

ಜೋಳದ ರೊಟ್ಟಿಯ ಗುಟ್ಟು ಕುದಿಯುವ ಎಸರಿನಲ್ಲಿದೆ. ಜೋಳದಲ್ಲಿ ಗೋಧಿಯ ಗ್ಲುಟೆನ್ ಇಲ್ಲ, ತಣ್ಣೀರಲ್ಲಿ ಕಲಸಿದ ಹಿಟ್ಟು ಬಡಿಯುವಾಗ ಅಂಚು ಬಿರಿಯುತ್ತದೆ. ಎಸರು ಸುರಿದಾಗ ಪಿಷ್ಟ ಅರೆಬೆಂದು ಜಿಗಿ ಬರುತ್ತದೆ. ಹೊಸದಾಗಿ ಬೀಸಿದ ಹಿಟ್ಟಿಗೆ ಜಿಗಿ ಹೆಚ್ಚು, ಆದ್ದರಿಂದ ವಾರಕ್ಕಾಗುವಷ್ಟೇ ಬೀಸಿಸುವುದು ಮೇಲು. ಹಂಚಿನ ಮೇಲೆ ಹಾಕಿದ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ ಬೇಯಿಸಿದರೆ ಪೂರಿಯಂತೆ ಉಬ್ಬುತ್ತದೆ. ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ ಇದ್ದರೆ ಬೇರೇನೂ ಬೇಡ. ಬಡಿಯಲು ಬಾರದವರಿಗೆ ಜೋಳದ ನುಚ್ಚು, ಮಜ್ಜಿಗೆ ಇದೆ.

ಇವೂ ಕಷ್ಟವೆನಿಸಿದರೆ ನವಣೆಯಿಂದ ಶುರುಮಾಡಿ. ತೊಳೆದು ಒಂದೆರಡು ಗಂಟೆ ನೆನೆಸಿ, ಒಂದು ಲೋಟಕ್ಕೆ ಎರಡು, ಎರಡೂವರೆ ಲೋಟ ನೀರಿಟ್ಟು ಬೇಯಿಸಿದರೆ ಬಿಸಿಬೇಳೆಬಾತ್, ಪೊಂಗಲ್, ಮೊಸರನ್ನ ಎಲ್ಲಕ್ಕೂ ಒಗ್ಗುತ್ತದೆ. ಪಾಸ್ತಾ ಕೇಳುವ ಮಕ್ಕಳಿಗೆ ಮನೆಯಲ್ಲೇ ರಾಗಿ ಒತ್ತುಶ್ಯಾವಿಗೆ ಮಾಡಿ, ತರಕಾರಿ ಧಾರಾಳವಾಗಿ ಹಾಕಿ ಒಗ್ಗರಿಸಿ ಕೊಡಿ. ಅಂಗಡಿಯ ‘ರಾಗಿ ನೂಡಲ್ಸ್’ ಕೊಳ್ಳುವ ಮುನ್ನ ಪೊಟ್ಟಣದ ಹಿಂಬದಿ ಓದಿ. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚಿರುವುದನ್ನೇ ಮೊದಲು ಬರೆಯಬೇಕೆಂಬ ನಿಯಮವಿದೆ. ಮೊದಲ ಹೆಸರು ಮೈದಾ ಆಗಿದ್ದರೆ ಅದು ಮೈದಾ ನೂಡಲ್ಸೇ.

ಹೊಲಕ್ಕೂ ಒಳಿತು

ಭತ್ತಕ್ಕೆ ಗದ್ದೆಯಲ್ಲಿ ನೀರು ನಿಲ್ಲಿಸಬೇಕು. ರಾಗಿ, ನವಣೆ ಮಳೆಯನ್ನೇ ನೆಚ್ಚಿ ಬೆಳೆಯುತ್ತವೆ. ಹಿಂಗಾರಿ ಜೋಳವಂತೂ ಕಪ್ಪುಮಣ್ಣು ಹಿಡಿದಿಟ್ಟ ತೇವದಲ್ಲೇ ತೆನೆ ಕಟ್ಟುತ್ತದೆ. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು, ರಾಜ್ಯ ಸರ್ಕಾರ ‘ರೈತಸಿರಿ’ ಯೋಜನೆಯಲ್ಲಿ ಕಿರುಧಾನ್ಯ ಬೆಳೆಯುವವರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಘೋಷಿಸಿತು. ಆದರೆ ಒಣಭೂಮಿಯ ರೈತ ಈ ಬೆಳೆಯಲ್ಲಿ ಉಳಿಯಬೇಕಾದರೆ ಅವನಿಗೆ ವರ್ಷವರ್ಷವೂ ಕೊಳ್ಳುವವರು ಬೇಕು.

ಅಕ್ಕಿಯನ್ನು ಪೂರ್ತಿ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ದಿನಕ್ಕೆ ಒಂದು ಹೊತ್ತಿನ ಊಟ ಬದಲಾದರೆ ಸಾಕು. ಮುಂದಿನ ತಿಂಗಳ ದಿನಸಿ ಪಟ್ಟಿಯಲ್ಲಿ ಐದು ಕಿಲೊ ಅಕ್ಕಿ ಕಡಿಮೆ ಮಾಡಿ, ಆ ಜಾಗದಲ್ಲಿ ಎರಡು ಕಿಲೊ ರಾಗಿ, ಎರಡು ಕಿಲೊ ಜೋಳ, ಒಂದು ಕಿಲೊ ನವಣೆ ಬರೆಯಿರಿ.