ಮೆಡಿಕಲ್ ಸೀಟಿಗೆ ಕಾಯುವ ಮನೆಯಲ್ಲಿ

2024ರ ಜೂನ್‌ನಲ್ಲಿ ನಮ್ಮ ಮದ್ರಸದ ಹಳೆಯ ವಿದ್ಯಾರ್ಥಿಯೊಬ್ಬ ಜುಮಾಕ್ಕೆ ಬರುವುದನ್ನು ನಿಲ್ಲಿಸಿದ. ಬಾಪನಿಗೆ ಯಲಹಂಕದಲ್ಲಿ ಬೇಕರಿ, ಊರು ಬಂಟ್ವಾಳ ಕಡೆ. ಸಣ್ಣವನಿರುವಾಗಲೇ ಓಡಿ ಬಂದು ಮೊದಲ ಸಫ್‌ನಲ್ಲಿ ಜಾಗ ಹಿಡಿಯುತ್ತಿದ್ದ ಹುಡುಗ. ಮೂರು ಶುಕ್ರವಾರ ಕಾಣದಿದ್ದಾಗ ಹುಷಾರಿಲ್ಲವೇನೋ ಎಂದುಕೊಂಡು ಸುಮ್ಮನಾದೆವು. ನಾಲ್ಕನೆಯ ವಾರ ಅವನ ಉಮ್ಮ ಫೋನ್ ಮಾಡಿದರು. "ಅವನು ಜುಮಾಕ್ಕೆ ಬಸ್ ಹತ್ತಿ ಆರ್.ಟಿ. ನಗರದ ಪಳ್ಳಿಗೆ ಹೋಗ್ತಾನೆ ಉಸ್ತಾದ್ರೇ. ಇಲ್ಲಿ ಎಲ್ಲರೂ ಕೇಳ್ತಾರಂತೆ" ಎಂದರು.

ಎಲ್ಲರೂ ಎಂದರೆ ಯಾರು? ಅವರು ಹೇಳಲಿಲ್ಲ, ನಮಗೆ ಅರ್ಥವಾಯಿತು. ನೀಟ್ ಫಲಿತಾಂಶ ಬಂದ ಮೊದಲ ಶುಕ್ರವಾರ ಪಳ್ಳಿಯ ಗೇಟಿನ ಹತ್ತಿರ ನಾಲ್ಕು ಜನರ ಮುಂದೆ, "ಎಷ್ಟು ಬಂತು ಮೋನೇ? ಸೀಟ್ ಸಿಗುತ್ತಾ?" ಎಂದು ಕೇಳಿದವರು ನಾವೇ. ಪ್ರೀತಿಯಿಂದಲೇ ಕೇಳಿದ್ದು. ಆ ಪ್ರೀತಿಯನ್ನು ತಪ್ಪಿಸಿಕೊಳ್ಳಲಿಕ್ಕೆ ಹದಿನೆಂಟರ ಹುಡುಗ ಹೆಬ್ಬಾಳ ಫ್ಲೈಓವರಿನ ಟ್ರಾಫಿಕ್ ದಾಟಿ ಬೇರೆ ಪಳ್ಳಿ ಹುಡುಕಬೇಕಾಯಿತು.

ಆ ವರ್ಷದ ಕಾಯುವಿಕೆ ಎಂಥದ್ದೆಂದು ನಮಗೆ ಆಗ ಸರಿಯಾಗಿ ಗೊತ್ತಿರಲಿಲ್ಲ. ಮೇ 5ರಂದು ಪರೀಕ್ಷೆ ಬರೆದವರು 23 ಲಕ್ಷಕ್ಕೂ ಹೆಚ್ಚು. ದೇಶದಲ್ಲಿದ್ದ ಎಂಬಿಬಿಎಸ್ ಸೀಟು ಒಂದು ಲಕ್ಷಕ್ಕಿಂತ ಸ್ವಲ್ಪ ಮೇಲೆ. ಜೂನ್ 14ಕ್ಕೆ ಬರಬೇಕಿದ್ದ ಫಲಿತಾಂಶ ಲೋಕಸಭೆ ಚುನಾವಣೆಯ ಮತ ಎಣಿಕೆಯ ದಿನ, ಜೂನ್ 4ಕ್ಕೇ ಬಂತು. 720ಕ್ಕೆ 720 ಪಡೆದವರು ಒಬ್ಬಿಬ್ಬರಲ್ಲ, 67 ಮಂದಿ! ಪ್ರಶ್ನೆಪತ್ರಿಕೆ ಸೋರಿಕೆಯ ಸುದ್ದಿ ಬೇರೆ. 1,563 ಮಕ್ಕಳಿಗೆ ಕೊಟ್ಟ ಗ್ರೇಸ್ ಅಂಕ ರದ್ದಾಗಿ ಜೂನ್ 23ಕ್ಕೆ ಅವರಿಗೆ ಮರುಪರೀಕ್ಷೆ ನಡೆಯಿತು. ಇಡೀ ಪರೀಕ್ಷೆಯನ್ನೇ ರದ್ದು ಮಾಡಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಜುಲೈ 23ಕ್ಕೆ. ಅದರ ಜೊತೆಗೆ ಭೌತಶಾಸ್ತ್ರದ ಒಂದು ಪ್ರಶ್ನೆಗೆ ಎರಡು ಉತ್ತರ ಸರಿ ಎಂದಿದ್ದದ್ದು ಹೋಗಿ ಒಂದೇ ಸರಿ ಎಂದಾಯಿತು. ಇನ್ನೊಂದನ್ನು ಗುರುತಿಸಿದ್ದವರಿಗೆ ಕೊಟ್ಟಿದ್ದ ನಾಲ್ಕು ಅಂಕ ಹೋಯಿತು, ತಪ್ಪುತ್ತರಕ್ಕೆ ಮತ್ತೊಂದು ಹೋಯಿತು. ಪೂರ್ಣಾಂಕದವರು ಕೊನೆಗೆ 17ಕ್ಕೆ ಇಳಿದರು. ಅಖಿಲ ಭಾರತ ಕೋಟಾದ ಕೌನ್ಸೆಲಿಂಗ್ ಶುರುವಾದದ್ದು ಆಗಸ್ಟ್ 14ಕ್ಕೆ. ಪರೀಕ್ಷೆ ಬರೆದ ದಿನದಿಂದ ಲೆಕ್ಕ ಹಾಕಿದರೆ 101 ದಿನ.

ನಮ್ಮ ಹುಡುಗನೂ ಆ ಐದು ಅಂಕ ಕಳೆದುಕೊಂಡವನೇ. ಹೊರಗಿನವರಿಗೆ ಐದು ಅಂಕ ಏನು ಮಹಾ? ಆ ವರ್ಷ ಐದು ಅಂಕದ ನಡುವೆ ಸಾವಿರಾರು ಮಕ್ಕಳು ನಿಂತಿದ್ದರು.

ಉಮ್ಮನ ಫೋನ್ ಬಂದ ಮೇಲೆ ಅವರ ಮನೆಗೆ ಹೋದೆವು. ಹುಡುಗ ರಾತ್ರಿ ಎರಡು ಗಂಟೆಗೆ ಎದ್ದು ಮೊಬೈಲ್ ನೋಡುತ್ತಿದ್ದನಂತೆ. ಊಟ ತಟ್ಟೆಯಲ್ಲೇ ಬಾಕಿ. ನೈಪತ್ತಿರಿ ಮಾಡಿಕೊಟ್ಟರೂ ಒಂದು ತುಂಡು ಮುರಿದು ಎದ್ದು ಹೋಗುತ್ತಿದ್ದ. ಊರಿಂದ ಮಾವಂದಿರ ಫೋನ್, ಸೌದಿಯಿಂದ ಚಿಕ್ಕಪ್ಪನ ಫೋನ್, ಎಲ್ಲರದ್ದೂ ಒಂದೇ ಪ್ರಶ್ನೆ. ಬೇಕರಿಗೆ ಬರುವ ಗಿರಾಕಿಗಳಿಗೂ ವಿಷಯ ಗೊತ್ತು, ಯಾಕೆಂದರೆ ಬಾಪನೇ ಹೆಮ್ಮೆಯಿಂದ ಹೇಳಿಕೊಂಡಿದ್ದರು. ಬಾಪನನ್ನು ಬೈದು ಪ್ರಯೋಜನವಿಲ್ಲ. ಮಂಗಳೂರಿಗೆ 1955ರಲ್ಲೇ ಕಸ್ತೂರ್ಬಾ ಮೆಡಿಕಲ್ ಕಾಲೇಜು ಬಂದಿದ್ದರೂ ನಮ್ಮ ಎಷ್ಟೋ ಮನೆಗಳಿಗೆ ಅದು ಕಾಯಿಲೆ ಬಂದಾಗ ಹೋಗುವ ಜಾಗವಾಗಿತ್ತು, ಓದಲು ಹೋಗುವ ಜಾಗವಾಗಿರಲಿಲ್ಲ. 1999ರಲ್ಲಿ ಯೆನೆಪೋಯ ಕಾಲೇಜು ಶುರುವಾದ ಮೇಲೆ 'ನಮ್ಮ ಮಕ್ಕಳೂ ಡಾಕ್ಟರ್ ಆಗಬಹುದು' ಎಂಬ ಮಾತು ಮನೆಮನೆಗೆ ಬಂತು. ಬನ್ ಮಾರಿ ಮಗನನ್ನು ಕೋಚಿಂಗ್‌ಗೆ ಕಳಿಸಿದ ಮನುಷ್ಯ ಹೆಮ್ಮೆಪಡದೆ ಇರುತ್ತಾನೆಯೇ? ಆದರೆ ಆ ಹೆಮ್ಮೆಯ ಭಾರವನ್ನು ಹೊತ್ತವನು ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದ.

ಇನ್ನೊಂದು ಮಾತನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಪರೀಕ್ಷೆಗೆ ಮೊದಲು ಅವನು ಎದೆ ಡವಡವ ಅನ್ನುತ್ತದೆ, ನಿದ್ದೆ ಬರುವುದಿಲ್ಲ ಎಂದು ನಮ್ಮ ಹತ್ತಿರ ಹೇಳಿದ್ದ. "ನಮಾಝ್ ಸರಿ ಮಾಡು, ಟೆನ್ಷನ್ ಅಂದ್ರೆ ಈಮಾನಿನ ಕೊರತೆ" ಎಂದಿದ್ದೆವು. ಆಮೇಲೆ ಅವನು ಯಾರ ಹತ್ತಿರವೂ ಹೇಳಲಿಲ್ಲ. ಯಾಕೂಬ್ ನಬಿಯ ಕಥೆಯನ್ನು ಎಷ್ಟು ವರ್ಷದಿಂದ ಮಕ್ಕಳಿಗೆ ಕಲಿಸುತ್ತಿದ್ದೇವೆ! ಮಗ ಯೂಸುಫರಿಗಾಗಿ ಕಾದು, ಅತ್ತು ಅತ್ತು ಅವರ ಕಣ್ಣೇ ಬಿಳಿಚಿತು. ಅಲ್ಲಾಹನ ಮೇಲೆ ಅವರಿಗಿದ್ದ ಭರವಸೆ ಆಗಲೂ ಕಡಿಮೆಯಾಗಿರಲಿಲ್ಲ. ನಬಿಯೇ ಅಳಬಹುದಾದರೆ, ಯಲಹಂಕದ ಹುಡುಗ ನಿದ್ದೆಗೆಟ್ಟದ್ದು ಈಮಾನಿನ ಕೊರತೆ ಹೇಗಾಯಿತು? ಇದು ನಮಗೆ ಹೊಳೆದದ್ದು ಅವರ ಮನೆಯ ಮೆಟ್ಟಿಲು ಹತ್ತುವಾಗ. ದುಆ ಬೇಕು, ದಿಕ್ರ್‌ನಿಂದ ಮನಸ್ಸು ಹಗುರವಾಗುವುದೂ ನಿಜ. ಆದರೆ ಅದನ್ನು ಮಗುವಿನ ಬಾಯಿ ಮುಚ್ಚಿಸಲು ಬಳಸಬಾರದಿತ್ತು.

ಅವತ್ತು ಅವನಲ್ಲಿ ಕ್ಷಮೆ ಕೇಳಿದೆವು. "ಪರವಾಗಿಲ್ಲ ಉಸ್ತಾದ್" ಎಂದು ನೆಲ ನೋಡಿದ. ಒಂದೇ ಸಲಕ್ಕೆ ಏನೂ ಸರಿಹೋಗಲಿಲ್ಲ.

ಸ್ವಲ್ಪ ಸಹಾಯವಾದದ್ದು 14416 ನಂಬರಿನಿಂದ. ಟೆಲಿ ಮಾನಸ್ ಎಂದು ಅದರ ಹೆಸರು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಶುರು ಮಾಡಿದ್ದು, ನಮ್ಮ ನಿಮ್ಹಾನ್ಸ್‌ನವರದ್ದೇ ಉಸ್ತುವಾರಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊದಲು ಮಾತಾಡಿದ್ದು ಉಮ್ಮ, ಎರಡು ದಿನ ಬಿಟ್ಟು ಅವನೇ. 'ಮೆಂಟಲ್ ಡಾಕ್ಟರ್' ಎಂದು ಬಾಪ ಮೊದಲು ಮುಖ ಸಿಂಡರಿಸಿದ್ದರು. ಶುಗರ್‌ಗೆ ಮಾತ್ರೆ ತಗೊಳ್ತೀರಲ್ಲ, ಆಗ ನಾಚಿಕೆ ಇಲ್ಲವಲ್ಲ ಎಂದು ಉಮ್ಮ ಕೇಳಿದ ಮೇಲೆ ಸುಮ್ಮನಾದರು.

ಮನೆಯಲ್ಲಿ ಆಮೇಲೆ ಮಾಡಿಕೊಂಡ ಏರ್ಪಾಡು ಸರಳ. ಸುದ್ದಿ ನೋಡುವುದು ದಿನಕ್ಕೆ ಒಂದು ಸಲ, ಅಸರ್ ನಂತರ, ಅದೂ ಕೆಇಎ ವೆಬ್‌ಸೈಟಿನಲ್ಲಿ ಮಾತ್ರ, ವಾಟ್ಸಾಪ್ ಗುಂಪಿನಲ್ಲಿ ಅಲ್ಲ. ರಾತ್ರಿ ಮೊಬೈಲ್ ಉಮ್ಮನ ಕೋಣೆಯಲ್ಲಿ. ನೆಂಟರ ಫೋನಿಗೆಲ್ಲ ಬಾಪನೇ ಉತ್ತರ: "ಸಿಕ್ಕಿದಾಗ ನಾವೇ ಹೇಳ್ತೇವೆ, ದುಆ ಮಾಡಿ." ಬೆಳಿಗ್ಗೆ ಎರಡು ಗಂಟೆ ಅವನು ಬೇಕರಿಯ ಗಲ್ಲಾದಲ್ಲಿ ಕೂರತೊಡಗಿದ. ಚಿಲ್ಲರೆ ಎಣಿಸುವಾಗ ಬೇರೆ ಯೋಚನೆ ಬರಲ್ಲ ಎಂದು ಅವನೇ ಒಮ್ಮೆ ಹೇಳಿದ.

ಕಾಯುವಾಗ ಮಾಡಬೇಕಾದ ಕೆಲಸವೂ ಕಡಿಮೆ ಇಲ್ಲ. 2ಬಿ ಜಾತಿ–ಆದಾಯ ಪ್ರಮಾಣಪತ್ರ ಸರಿ ಇದೆಯೇ, ಆರ್‌ಡಿ ಸಂಖ್ಯೆ ಅರ್ಜಿಯಲ್ಲಿ ತಪ್ಪಿಲ್ಲದೆ ಬಿದ್ದಿದೆಯೇ, ಹೆಸರಿನ ಅಕ್ಷರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹಾಗೆಯೇ ಇದೆಯೇ ನೋಡಿ. ನಮ್ಮ ಮಕ್ಕಳಲ್ಲಿ 'ಮುಹಮ್ಮದ್' ಒಂದೊಂದು ಕಡೆ ಒಂದೊಂದು ಥರ ಇರುತ್ತದೆ, ಕೊನೆಯ ದಿನ ಅದಕ್ಕಾಗಿ ಓಡಾಡಿದವರನ್ನು ಕಂಡಿದ್ದೇವೆ. ಊರಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿ ಬೆಂಗಳೂರಿಗೆ ಬಂದ ಮಕ್ಕಳಿಗೆ ಗ್ರಾಮೀಣ ಮೀಸಲಾತಿ ಸಿಗುವುದಿಲ್ಲ. ಒಂದರಿಂದ ಹತ್ತರವರೆಗೂ ಗ್ರಾಮೀಣ ಪ್ರದೇಶದಲ್ಲೇ ಓದಿರಬೇಕು. ಆ ಆಸೆ ಇಟ್ಟುಕೊಂಡು ಕಾಲೇಜುಗಳ ಪಟ್ಟಿ ಮಾಡಬೇಡಿ.

ಸೀಟು ಹಂಚಿಕೆಯಾದ ಮೇಲೆ ಕೆಇಎ ನಾಲ್ಕು ಚಾಯ್ಸ್ ಕೊಡುತ್ತದೆ. ಒಂದನೆಯದು, ಸಿಕ್ಕಿದ್ದು ಸಾಕು, ಸೇರುತ್ತೇನೆ. ಎರಡನೆಯದು, ಇದು ಇರಲಿ, ಮುಂದಿನ ಸುತ್ತಿನಲ್ಲಿ ಇನ್ನೂ ಒಳ್ಳೆಯದಕ್ಕೆ ನೋಡುತ್ತೇನೆ. ಮೂರನೆಯದು, ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕನೆಯದು, ಹೊರಗೆ ಹೋಗುತ್ತೇನೆ. ಎರಡಕ್ಕೂ ಮೂರಕ್ಕೂ ವ್ಯತ್ಯಾಸ ತಿಳಿಯದೆ ಸೈಬರಿನವ ಒತ್ತಿದ್ದಕ್ಕೆ ಹೂಂ ಅಂದು ಬಂದರೆ ಕೈಯಲ್ಲಿದ್ದದ್ದೂ ಹೋದೀತು. ಹಣ ಎಷ್ಟು ಕೊಡಬಲ್ಲೆವು ಎಂಬುದನ್ನೂ ಮಗನಿಗೆ ಮೊದಲೇ ಹೇಳಿಬಿಡಿ. ಗೊತ್ತಿರುವ ಕಷ್ಟಕ್ಕಿಂತ ಗೊತ್ತಿಲ್ಲದ್ದು ಮಕ್ಕಳನ್ನು ಹೆಚ್ಚು ಹೆದರಿಸುತ್ತದೆ.

ಬೇರೆ ದಾರಿಗಳೂ ಇವೆ. ಹೆಬ್ಬಾಳದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಯಲಹಂಕದ ದಾರಿಯಲ್ಲಿ ಜಿಕೆವಿಕೆ ಇದೆ, ಡೆಂಟಲ್, ಯುನಾನಿ, ನರ್ಸಿಂಗ್ ಇದೆ. ಆದರೆ ಫಲಿತಾಂಶದ ದಿನವೇ ಇದನ್ನೆಲ್ಲ ಹೇಳಲು ಹೋಗಬೇಡಿ. ನೀವು ಸಮಾಧಾನ ಮಾಡುತ್ತಿದ್ದೀರಿ ಎಂದು ನಿಮಗೆ ಅನ್ನಿಸುತ್ತದೆ. ಮಗುವಿಗೆ 'ನಿನ್ನ ಕೈಲಾಗಲ್ಲ' ಎಂದು ಕೇಳಿಸುತ್ತದೆ. ಎರಡು ವಾರ ಕಳೆದು ಅವನೇ ಕೇಳಿದಾಗ ಹೇಳಿದರೆ ಸಾಕು.

ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ, ಯಾರ ಹತ್ತಿರವೂ ಮಾತಾಡದಿದ್ದರೆ ವೈದ್ಯರಿಗೆ ತೋರಿಸಿ. 'ನಾನಿದ್ದು ಏನು ಪ್ರಯೋಜನ' ಎಂಬಂಥ ಮಾತು ಒಂದು ಸಲ ಬಂದರೂ ಎರಡು ವಾರ ಕಾಯಬೇಡಿ. ಅದೇ ದಿನ ಕರೆದುಕೊಂಡು ಹೋಗಿ, ರಾತ್ರಿ ಒಬ್ಬನನ್ನೇ ಬಿಡಬೇಡಿ.

ನಮ್ಮ ಹುಡುಗನಿಗೆ ಅಣಕು ಹಂಚಿಕೆಯಲ್ಲಿ ಎಂಬಿಬಿಎಸ್ ತೋರಿಸಿತ್ತು, ನಿಜವಾದ ಸುತ್ತಿನಲ್ಲಿ ಬರಲಿಲ್ಲ. ಆ ವಾರ ಮನೆಯವರೆಲ್ಲ ಸರದಿಯಲ್ಲಿ ಅವನ ಜೊತೆ ಮಲಗಿದರು. ಮುಂದಿನ ಸುತ್ತಿನಲ್ಲಿ ಡೆಂಟಲ್ ಬಂತು, ಮೂರು ದಿನ ಯೋಚಿಸಿ ಸೇರಿದ. ಈಗಲೂ ಕೆಲವೊಮ್ಮೆ ಬೇಜಾರಾಗುತ್ತದಂತೆ.

ಅವನು ಮತ್ತೆ ನಮ್ಮ ಪಳ್ಳಿಗೆ ಬಂದದ್ದು ಆ ಸೆಪ್ಟೆಂಬರಿನ ಒಂದು ಶುಕ್ರವಾರ. ಹಿಂದಿನ ಸಫ್‌ನಲ್ಲಿ ನಿಂತಿದ್ದ. ಗೇಟಿನ ಹತ್ತಿರ ಎದುರಾದಾಗ ಬಾಯಿಗೆ ಬಂದ ಪ್ರಶ್ನೆಯನ್ನು ನುಂಗಿಕೊಂಡು, "ಊರಲ್ಲಿ ಮಳೆ ಹೇಗುಂಟಂತೆ ಮೋನೇ?" ಎಂದು ಕೇಳಿದೆವು. "ಜೋರುಂಟಂತೆ ಉಸ್ತಾದ್" ಎಂದ. ಬಸ್ ಸ್ಟಾಪಿನವರೆಗೆ ಮಳೆಯದ್ದೇ ಮಾತಾಡುತ್ತಾ ಹೋದೆವು.