ಕಡಲಿನ ತಾಟೆ: ಅಂಜಿಕೆ ಮತ್ತು ಗೌರವ

ಹಾವೇರಿಯಿಂದ ಶಿರಸಿಯ ಹಾದಿ ಹಿಡಿದು ದೇವಿಮನೆ ಘಟ್ಟವನ್ನಿಳಿದರೆ ಕುಮಟಾ. ಅಲ್ಲಿಂದ ಗೋಕರ್ಣವಾಗಲಿ ಮುರ್ಡೇಶ್ವರವಾಗಲಿ ಬಹುದೂರವಲ್ಲ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಗದ್ದಲ ತಗ್ಗಿ, ಮಕ್ಕಳ ಪರೀಕ್ಷೆಗಳು ಮುಗಿದವೆಂದರೆ ನಮ್ಮ ಸೀಮೆಯ ಎಷ್ಟೋ ಕುಟುಂಬಗಳು ಈ ಹಾದಿಯನ್ನೇ ಹಿಡಿಯುತ್ತವೆ. ದಂಡೆಯಲ್ಲಿ ನಿಂತ ಮಕ್ಕಳು ಶಾರ್ಕ್ ಇದೆಯೇ ಎಂದು ಕೇಳುವುದೂ, ಹಿರಿಯರು ಇಲ್ಲವೆಂದು ಹೇಳಿ ಮಾತು ಮುಗಿಸುವುದೂ ವಾಡಿಕೆ. ಆ ಉತ್ತರ ಸರಿಯಾದುದಲ್ಲ. ಅರಬ್ಬೀ ಸಮುದ್ರದಲ್ಲಿ ಹಲವು ಬಗೆಯ ಶಾರ್ಕ್‌ಗಳಿವೆ. ನಮ್ಮ ಕರಾವಳಿಯವರು ಅವನ್ನು ತಾಟೆ ಎಂದು ಕರೆಯುತ್ತಾರೆ. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ನೀರಿನಾಳಕ್ಕೆ ಇಳಿಯುವವರು ಅವನ್ನು ಕಣ್ಣಾರೆ ಕಂಡಿದ್ದಾರೆ.

ಜಗತ್ತಿನಲ್ಲಿ ಶಾರ್ಕ್‌ಗಳ ಜಾತಿಗಳು ಐನೂರಕ್ಕೂ ಹೆಚ್ಚು. ಅವುಗಳಲ್ಲಿ ಹಲವು ಒಂದು ಮೊಳಕ್ಕಿಂತ ಹೆಚ್ಚು ಉದ್ದ ಬೆಳೆಯವು. ಮನುಷ್ಯನ ಪ್ರಾಣಕ್ಕೆ ಎರವಾದ ಪ್ರಸಂಗಗಳಲ್ಲಿ ಬಹುಪಾಲು ಮೂರೇ ಜಾತಿಗಳ ಹೆಸರಿಗೆ ಬರುತ್ತವೆ: ಬಿಳಿ ಶಾರ್ಕ್, ಹುಲಿ ಶಾರ್ಕ್, ಗೂಳಿ ಶಾರ್ಕ್. ಬಿಳಿ ಶಾರ್ಕ್ ಇಪ್ಪತ್ತು ಅಡಿಯವರೆಗೆ ಬೆಳೆಯಬಲ್ಲುದು. ದಕ್ಷಿಣ ಆಫ್ರಿಕ, ಆಸ್ಟ್ರೇಲಿಯಗಳ ಕಡೆಯ ತಂಪು ನೀರು ಅದಕ್ಕೆ ಪ್ರಿಯ. ಹುಲಿ ಶಾರ್ಕ್ ಬೆಚ್ಚಗಿನ ಕಡಲಿನದು. ಮರಿಯಾಗಿದ್ದಾಗ ಮೈಮೇಲೆ ಹುಲಿಯಂತೆ ಪಟ್ಟೆಗಳಿರುತ್ತವೆ. ಅದು ಆಮೆಯ ಚಿಪ್ಪನ್ನೂ ಕಡಿದು ಮುರಿಯಬಲ್ಲುದು. ಎಸೆದ ಡಬ್ಬಿಗಳೂ ಅದರ ಹೊಟ್ಟೆಯಲ್ಲಿ ಸಿಕ್ಕಿವೆ! ಗೂಳಿ ಶಾರ್ಕ್ ಉಪ್ಪುನೀರನ್ನು ಬಿಟ್ಟು ನದಿಗಳನ್ನೂ ಏರಬಲ್ಲುದು. ಅಮೆಜಾನ್ ನದಿಯಲ್ಲಿ ಕಡಲಿನಿಂದ ಸಾವಿರಾರು ಕಿಲೋಮೀಟರ್ ಒಳಗಿರುವ ಪೆರು ದೇಶದವರೆಗೂ ಅದು ಹೋಗಿದೆ. ಈ ಮೂರೂ ಜಾತಿಗಳಿಗೆ ಸಾಲುಸಾಲು ಹಲ್ಲುಗಳು. ಒಂದು ಉದುರಿದರೆ ಹಿಂದಿನದು ಮುಂದಕ್ಕೆ ಬರುತ್ತದೆ. ಬೇಟೆಯ ಮೈಯಲ್ಲಿ ಹುಟ್ಟುವ ಅತಿ ಕ್ಷೀಣ ವಿದ್ಯುತ್ತನ್ನು ಸಹ ಮೂತಿಯಲ್ಲಿರುವ ಸೂಕ್ಷ್ಮ ರಂಧ್ರಗಳ ಮೂಲಕ ಅವು ಅರಿಯಬಲ್ಲವು. ಇಂತಹ ಪ್ರಾಣಿಗೆ ಅಂಜುವುದು ಸಹಜವೇ ಸರಿ.

ಆದರೆ ಅಂಜಿಕೆಗೂ ಒಂದು ಲೆಕ್ಕವಿರಬೇಕಷ್ಟೆ. ಕೆಣಕದೆಯೂ ಶಾರ್ಕ್ ಮನುಷ್ಯನನ್ನು ಕಚ್ಚಿದ ಪ್ರಸಂಗಗಳು ಇಡೀ ಜಗತ್ತಿನಲ್ಲಿ ವರ್ಷಕ್ಕೆ ನೂರನ್ನು ಮುಟ್ಟುವುದಿಲ್ಲ. 2023ರಲ್ಲಿ ಅವು 69. ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58 ಸಾವಿರವೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಅಂದರೆ ಕಡಲಿನ ಶಾರ್ಕ್‌ಗಿಂತ ಹೊಲದ ಬದುವಿನಲ್ಲಿ ನಮಗೆ ಹೆಚ್ಚಿನ ಎಚ್ಚರ ಬೇಕು. ಕಡಲಂಚಿನಲ್ಲಿಯೂ ಪ್ರಾಣ ತೆಗೆಯುವುದು ಅಲೆ ಮತ್ತು ಸೆಳೆತ. 2024ರ ಡಿಸೆಂಬರಿನಲ್ಲಿ ಪ್ರವಾಸಕ್ಕೆಂದು ಮುರ್ಡೇಶ್ವರಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದುದನ್ನು ಯಾವ ತಾಯಿತಂದೆಯೂ ಮರೆಯಲಾರರು. ಮಕ್ಕಳಿಗೆ ಶಾರ್ಕಿನ ಕಥೆ ಹೇಳಿ ಹೆದರಿಸುವ ಬದಲು, ಕಾವಲುಗಾರರು ಬೇಡವೆಂದ ಕಡೆ ನೀರಿಗಿಳಿಯಬಾರದೆಂದು ಕಲಿಸುವುದು ಮೇಲು. ಶಾರ್ಕ್‌ಗಳಿರುವ ಕಡಲಿನಲ್ಲಿ ಈಜುವವರಿಗೆ ತಿಳಿದವರು ಹೇಳುವುದೂ ಇಷ್ಟೆ: ಮುಸ್ಸಂಜೆಯಲ್ಲಿ, ಕದಡಿದ ನದೀಮುಖದಲ್ಲಿ, ಮೀನಿನ ಕಸ ಚೆಲ್ಲುವಲ್ಲಿ ಈಜಬೇಡಿ. ಅದು ಅವುಗಳ ಊಟದ ಹೊತ್ತು, ಊಟದ ತಾವು.

ಈ ಅಂಜಿಕೆಯನ್ನು ಮನೆಮನೆಗೆ ಹಂಚಿದ್ದು 1975ರ ‘ಜಾಸ್’ ಚಲನಚಿತ್ರ. ಅದಕ್ಕೆ ಮೂಲವಾದ ಕಾದಂಬರಿಯನ್ನು ಬರೆದ ಪೀಟರ್ ಬೆಂಚ್ಲಿ ತಮ್ಮ ಮುಂದಿನ ಬದುಕಿನಲ್ಲಿ ಶಾರ್ಕ್‌ಗಳ ರಕ್ಷಣೆಗಾಗಿಯೇ ಮಾತನಾಡಿದರು. ಕಥೆ ಮಾತ್ರ ಅವರ ಕೈಮೀರಿ ಹೋಗಿತ್ತು.

ಇನ್ನು ಲೆಕ್ಕದ ಮತ್ತೊಂದು ಮಗ್ಗುಲು. ಮನುಷ್ಯನಿಂದ ವರ್ಷಕ್ಕೆ ಸುಮಾರು ಹತ್ತು ಕೋಟಿ ಶಾರ್ಕ್‌ಗಳು ಸಾಯುತ್ತಿವೆಯೆಂದು 2013ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು. ರೆಕ್ಕೆಯ ಸಾರಿಗಾಗಿ ಕೊಂದವು ಹಲವು. ಬೇರೆ ಮೀನಿಗೆ ಬೀಸಿದ ಬಲೆಗೆ ಸಿಕ್ಕವು ಇನ್ನೂ ಹಲವು. ತೆರೆಗಡಲಿನ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆ 1970ರಿಂದೀಚೆಗೆ ನೂರಕ್ಕೆ 71ರಷ್ಟು ಕುಸಿದಿದೆಯೆಂದು 2021ರ ಅಧ್ಯಯನವೊಂದು ತಿಳಿಸಿತು. ಬೂತಾಯಿಯಂತಹ ಮೀನು ಸಾವಿರಾರು ಮೊಟ್ಟೆಗಳನ್ನಿಟ್ಟು ಬೇಗ ಚೇತರಿಸಿಕೊಳ್ಳುತ್ತದೆ. ಶಾರ್ಕಿನ ಸಂಸಾರ ಹಾಗಲ್ಲ. ಹೆಣ್ಣು ಬಿಳಿ ಶಾರ್ಕ್ ಮರಿಯಿಡುವ ವಯಸ್ಸಿಗೆ ಬರಲು ಸುಮಾರು 33 ವರ್ಷ ಬೇಕೆಂದು 2015ರಲ್ಲಿ ಕಂಡುಕೊಳ್ಳಲಾಯಿತು. ಆಮೇಲೂ ಮರಿಗಳು ಕೆಲವೇ. ನಲವತ್ತು ಕೋಟಿ ವರ್ಷಗಳಿಂದ ಬಾಳಿಬಂದ ಕುಲಕ್ಕೆ ಬಂದ ಆಪತ್ತು ಇದು.

ಕೊಲ್ಲುವ ಪ್ರಾಣಿಯನ್ನು ಕಾಯುವುದೇಕೆ ಎಂದು ಕೆಲವರು ಕೇಳಬಹುದು. ರಾಣೆಬೆನ್ನೂರಿನವರಿಗೆ ಈ ಪ್ರಶ್ನೆ ಹೊಸದಲ್ಲ. 1974ರಲ್ಲಿ ಅಲ್ಲಿ ಕೃಷ್ಣಮೃಗ ಅಭಯಾರಣ್ಯವಾಯಿತು. ಚಿಗರೆಗಳಿರುವ ಆ ಕುರುಚಲಲ್ಲಿಯೇ ತೋಳವೂ ಇದೆ. ಕುರಿ ಕಳೆದುಕೊಂಡ ಕುರಿಗಾರನ ಸಂಕಟ ಸುಳ್ಳಲ್ಲ. ಹಾಗೆಂದು ತೋಳವಿಲ್ಲದ ಕಾಡು ಪೂರ್ಣವಾದ ಕಾಡಲ್ಲ. ಶಾರ್ಕ್ ಕಡಲಿನ ತೋಳವೆಂದರೆ ತಪ್ಪಾಗಲಾರದು. ಕಲ್ಲನಾಗರನನ್ನು ಪೂಜಿಸಿ ಜೀವಂತ ಹಾವನ್ನು ಬಡಿಯುವವರನ್ನು ಬಸವಣ್ಣನವರು ಟೀಕಿಸಿದ್ದು ನಮ್ಮ ಓದುಗರಿಗೆ ತಿಳಿದೇ ಇದೆ. ಶಾರ್ಕಿಗಂತೂ ಕಲ್ಲಿನ ಪೂಜೆಯೂ ಇಲ್ಲ!

ಗುಜರಾತಿನಲ್ಲಿ ನಡೆದ ಕಾರ್ಯ ನಮ್ಮ ಮನಸ್ಸನ್ನು ಬಹುವಾಗಿ ಸೆಳೆದಿದೆ. ಮೀನುಗಳಲ್ಲೆಲ್ಲ ದೊಡ್ಡದಾದ ತಿಮಿಂಗಿಲ ಶಾರ್ಕ್ ಅಲ್ಲಿಯ ಸೌರಾಷ್ಟ್ರದ ಕರಾವಳಿಗೆ ಬರುತ್ತದೆ. ನಾಲ್ವತ್ತು ಅಡಿಯ ಈ ದೈತ್ಯ ಸೋಸಿ ತಿನ್ನುವುದು ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನೂ ಸಣ್ಣ ಮೀನುಗಳನ್ನೂ. ಅದರ ಯಕೃತ್ತಿನ ಎಣ್ಣೆಯನ್ನು ದೋಣಿಗೆ ಬಳಿಯಲೆಂದು, ಮುಂದೆ ಮಾಂಸದ ರಫ್ತಿಗೆಂದು, ಅದನ್ನು ಕೊಕ್ಕೆ ಹಾಕಿ ಕೊಲ್ಲುತ್ತಿದ್ದರು. ಮೈಕ್ ಪಾಂಡೆಯವರ ಸಾಕ್ಷ್ಯಚಿತ್ರವು ಈ ಕೊಲೆಯನ್ನು ಜಗತ್ತಿಗೆ ತೋರಿಸಿತು. 2001ರಲ್ಲಿ ಕೇಂದ್ರ ಸರಕಾರವು ಅದನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ, ಎಂದರೆ ಹುಲಿಯ ಸಾಲಿಗೆ, ಸೇರಿಸಿತು. 2015ರಲ್ಲಿ ಎಲ್ಲ ಶಾರ್ಕ್‌ಗಳ ರೆಕ್ಕೆಯ ರಫ್ತು ನಿಂತಿತು.

ಕಾಯಿದೆಯೊಂದರಿಂದಲೇ ಮೀನುಗಾರರ ಮನ ಒಲಿಯಲಿಲ್ಲ. ರಾಮಕಥೆ ಹೇಳುವ ಮೊರಾರಿ ಬಾಪು ಅವರು 2004ರಿಂದ ಈ ಕಾರ್ಯಕ್ಕೆ ದನಿಗೂಡಿಸಿ, ಬಾಣಂತನಕ್ಕೆ ತವರಿಗೆ ಬರುವ ಮಗಳಿಗೆ ಈ ಮೀನನ್ನು ಹೋಲಿಸಿದರು. ಅದಕ್ಕೆ ‘ವ್ಹಾಲಿ’, ಎಂದರೆ ಪ್ರೀತಿಪಾತ್ರೆ, ಎಂಬ ಹೆಸರೂ ಬಂದಿತು. ಮಗಳನ್ನು ಕೊಕ್ಕೆಯಿಂದ ಎಳೆಯುವರೆ? ಬಲೆಗೆ ತಿಮಿಂಗಿಲ ಶಾರ್ಕ್ ಸಿಕ್ಕರೆ ಮೀನುಗಾರರೇ ತಮ್ಮ ಬಲೆಯನ್ನು ಕತ್ತರಿಸಿ ಬಿಡತೊಡಗಿದರು; ಹರಿದ ಬಲೆಗೆ ಅರಣ್ಯ ಇಲಾಖೆ ಪರಿಹಾರ ಕೊಡತೊಡಗಿತು. ಹೀಗೆ ಬಿಡುಗಡೆ ಪಡೆದವು ಇದುವರೆಗೆ ನೂರಾರು. ಬಲೆಯೆಂದರೆ ಮೀನುಗಾರನಿಗೆ ನೇಗಿಲಿದ್ದಂತೆ. ಅದನ್ನು ತನ್ನ ಕೈಯಾರೆ ಕತ್ತರಿಸುವುದು ಎಷ್ಟು ಕಷ್ಟವೆಂಬುದು ನಮ್ಮ ಒಕ್ಕಲುಮನೆಗಳಿಗೆ ಬೇರೆ ಹೇಳಬೇಕಾಗಿಲ್ಲ.